ಗಂಜೀಫಾ ಇರೋದು ಗಾಜಿಗಲ್ಲ, ಆಟಕ್ಕೆ (ಭಾಗ 3)

ಕೊಳ್ಳೇಗಾಲ, ಹನೂರು, ಯಳಂದೂರಿನ ಗೆಳೆಯರೇ, ರಮ್ಮಿ ಎಲ್ಲರಿಗೂ ಬರುತ್ತೆ. ಪಕ್ಕದ ಮೈಸೂರಿನ ಗಂಜೀಫಾ ಯಾರಾದ್ರೂ ಆಡಿದ್ದೀರಾ? ದಶಾವತಾರದ ಕಟ್ಟು: ಅವತಾರಕ್ಕೆ 12ರಂತೆ 120 ದುಂಡನೆ ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಆಟಗಳನ್ನೇ ಕಟ್ಟಿದ್ರು. ಈಗ ಕೈಯಲ್ಲಿ ಬರೆದ ದುಬಾರಿ ಕಲೆ. ಒಂದೆಲೆ ಕಳೆದ್ರೆ ಕಟ್ಟೇ ಹಾಳು, ಯಾರು ಆಡ್ತಾರೆ?

ಅಗ್ಗಕ್ಕೆ ಅಚ್ಚು ಹಾಕಿ ಅಂದ್ರೆ, ‘ಹಳೇದರ ಬೆಲೆ ಬೀಳುತ್ತೆ’ ಅನ್ನೋ ವಾದ. ಯಾಕ್ ಬೀಳುತ್ತೆ ಸ್ವಾಮಿ? ನೀವು ದುಡ್ಡು ಕೊಟ್ಟಿದ್ದು ಕುಂಚಕ್ಕೆ. ‘ಮ್ಯಾಜಿಕ್’ ಕಾರ್ಡಿನ ಕಂಪನಿ ಸಂಗ್ರಹಕಾರರ ಕೂಗಿಗೆ ಮಣಿದು 1996ರಲ್ಲಿ, ಪಟ್ಟಿ ಮಾಡಿದ ಕಾರ್ಡು ಮತ್ತೆ ಅಚ್ಚು ಹಾಕಲ್ಲ ಅಂತ ಮಾತು ಕೊಡ್ತು. ಆ ಕಾರ್ಡು ಆಟಗಾರರ ಕೈಗೆ ಎಟುಕುತ್ತಿಲ್ಲ.

ನಕಲಿ ಭಯ ಮಾತ್ರ ನ್ಯಾಯವೇ. ಪ್ರತಿ ಎಲೆಯ ಹಿಂದೆ ‘ಅಚ್ಚಿನ ಪ್ರತಿ’ ಅಂತ ದಪ್ಪಕ್ಷರದಲ್ಲಿ ಹಾಕಿ, ಕಲಾವಿದರಿಗೂ ಪಾಲು ಕೊಡಿ. ಮೊದಲ ಕಟ್ಟು ನಮ್ಮ ಕ್ಲಾಸಿಗೆ.