ಮನೆಮಂದಿಗೂ ಲೋಡಿಗೂ ಒಂದೇ ಗಾಡಿ ಸಾಕಾ?

ಮನೆಯಲ್ಲಿ ಹತ್ತು ಹನ್ನೆರಡು ಜನ. ಹೊಲದ ಮಾಲು ಎಪಿಎಂಸಿಗೆ ಹೋಗಬೇಕು, ಅಂಗಡಿಗೆ ಲೋಡು ಬರಬೇಕು, ಜಾತ್ರೆ-ಮದುವೆಗೆ ಎಲ್ಲರೂ ಹೊರಡಬೇಕು. ಇಷ್ಟಕ್ಕೂ ಒಂದೇ ಗಾಡಿ ತಗೊಂಡ್ರೆ ಹೇಗೆ ಅನ್ನೋದು ಕೂಡುಕುಟುಂಬಗಳ ಸಹಜ ಲೆಕ್ಕ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿದ್ದು ಈ ಲೆಕ್ಕಕ್ಕೆ ಮತ್ತೆ ಜೀವ ಕೊಟ್ಟಿದೆ. ಟ್ರ್ಯಾಕ್ಟರ್ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ಗೂಡ್ಸ್ ಗಾಡಿಗೂ, ಡ್ರೈವರ್ ಸೇರಿ ಹತ್ತು ಸೀಟು ಮೇಲ್ಪಟ್ಟ ಕ್ರೂಸರ್‌ನಂಥ ಗಾಡಿಗೂ ಶೇ. 28 ಇದ್ದದ್ದು 18 ಆಗಿದೆ. ನಾಲ್ಕು ಮೀಟರ್ ಉದ್ದದೊಳಗೆ ಬರುವ ಏಳು ಸೀಟಿನ ಬೊಲೆರೊಗೂ ಶೇ. 18. ಅದಕ್ಕಿಂತ ಉದ್ದದ ಎರ್ಟಿಗಾ, ಇನ್ನೋವಾಗೆ ಶೇ. 40.

ತೆರಿಗೆ ನೋಡಿದ್ರೆ ಟ್ರ್ಯಾಕ್ಟರೇ ಲಾಭ. "ಟ್ರಾಲಿ ಹಾಕಿದ್ರೆ ಮಾಲೂ ಆಯ್ತು, ಮಂದೀನೂ ಆಯ್ತು" ಅಂತಾರೆ. ತೊಂದರೆ ಇರೋದೇ ಇಲ್ಲಿ. ಟ್ರಾಲಿ ಇರೋದು ಮಾಲಿಗೆ, ಜನರಿಗಲ್ಲ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಅಂತ ಸುಪ್ರೀಂ ಕೋರ್ಟ್ 2002ರ ಆಶಾ ರಾಣಿ ಪ್ರಕರಣದಲ್ಲೇ ಹೇಳಿದೆ. ಕೆಲವು ಕೇಸುಗಳಲ್ಲಿ ಕಂಪನಿ ಮೊದಲು ಕಟ್ಟಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಕೋರ್ಟುಗಳು ಆದೇಶಿಸಿದ್ದುಂಟು. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಹೊರೆ ಬೀಳೋದು ಮಾಲೀಕನ ಹೊಲ, ಮನೆ ಮೇಲೆ. ಟ್ರಾಲಿ ಮಗುಚಿದಾಗ ಕೂತವರಿಗೆ ಬೆಲ್ಟೂ ಇಲ್ಲ, ಮೇಲೆ ಛಾವಣಿಯೂ ಇಲ್ಲ.

ಏಳು ಸೀಟಿನ ಗಾಡಿ ಹಿಂದೆ ಕೊಕ್ಕೆ ಬೆಸುಗೆ ಹಾಕಿಸಿ ಟ್ರೇಲರ್ ಎಳೆಸೋ ಯೋಚನೆಯೂ ಸರಿಯಲ್ಲ. ಬ್ರೇಕ್ ಇಲ್ಲದ ಟ್ರೇಲರ್ ಇಳಿಜಾರಿನಲ್ಲಿ ಮುಂದಿನ ಗಾಡಿಯನ್ನೇ ನೂಕುತ್ತೆ. ಕಂಪನಿ ಎಳೆಯುವ ತೂಕ ನಮೂದಿಸಿರದಿದ್ದರೆ ಆ ಗಾಡಿ ಎಳೆಯೋಕೆ ಅಲ್ಲ ಅಂತಲೇ ತಿಳೀಬೇಕು. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು.

2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾರಿಗೆ ವಾಹನ ಓಡಿಸಬಹುದು ಅಂದಿದೆ. ಸಣ್ಣ ಗೂಡ್ಸ್ ಗಾಡಿ ಇಟ್ಟ ಅಂಗಡಿಯವರಿಗೆ ಇದು ದೊಡ್ಡ ಅನುಕೂಲ. ಆದರೆ ಅದು ಡ್ರೈವರ್ ಲೈಸೆನ್ಸಿನ ಮಾತು. ಹಿಂದೆ ಜನ ಕೂರಿಸೋಕೆ ಕೊಟ್ಟ ಪರವಾನಗಿ ಅಲ್ಲ.

ಹಾಗಾದ್ರೆ ಯಾವುದು ತಗೋಬೇಕು? ವರ್ಷದಲ್ಲಿ ಲೋಡು ಎಷ್ಟು ದಿನ, ಮನೆಮಂದಿ ಎಲ್ಲ ಒಟ್ಟಿಗೆ ಹೊರಡೋದು ಎಷ್ಟು ದಿನ, ಎಣಿಸಿ ನೋಡಿ. ಬಹಳಷ್ಟು ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಡೋದು ಬೆರಳೆಣಿಕೆಯ ದಿನ. ಅಂಥವರು ಲೋಡಿಗೆ ಸ್ವಂತ ಗಾಡಿ ಇಟ್ಟು, ಜಾತ್ರೆ-ಮದುವೆಗೆ ಹಳದಿ ಬೋರ್ಡ್ ಕ್ರೂಸರ್ ಬಾಡಿಗೆ ಹಿಡಿಯೋದೇ ಮೇಲು. ವಾರವಾರ ಜನ ಓಡಾಡುವ ಮನೆಯಾದ್ರೆ ಸೀಟಿನ ಗಾಡಿ ಸ್ವಂತಕ್ಕೆ ತಗೊಂಡು, ಲೋಡಿಗೆ ಬಾಡಿಗೆ ಕೊಡಿ.

ಯಾವುದೇ ತಗೊಳ್ಳಿ, ಅಡ್ವಾನ್ಸ್ ಕೊಡೋ ಮುಂಚೆ ಆರ್‌ಸಿಯಲ್ಲಿ ಎಷ್ಟು ಸೀಟು ಬರುತ್ತೆ, ವಿಮೆ ಯಾರ್ಯಾರಿಗೆ ಅನ್ವಯಿಸುತ್ತೆ ಅಂತ ಕೇಳಿ. ಬಾಡಿಗೆ ಉಳಿಸೋಕೆ ಹೋಗಿ ಹೊಲ ಕಳ್ಕೊಳ್ಳೋದು ಯಾವ ಲೆಕ್ಕಕ್ಕೂ ಕೂಡೋದಿಲ್ಲ.