ಗಣಿ ಮುಚ್ಚಿತು, ನದಿಯ ಕಟ್ಟು ಬಿಚ್ಚಲಿಲ್ಲ

ಶಿವನಸಮುದ್ರವೆಂದೊಡನೆ ನಾಡಿನ ವಿದ್ಯುತ್ತಿನ ತೊಟ್ಟಿಲೆಂಬ ಹೊಗಳಿಕೆ ಕೇಳಿಬರುತ್ತದೆ. ಆ ತೊಟ್ಟಿಲನ್ನು ಯಾರ ಕೂಸಿಗಾಗಿ ತೂಗಲಾಯಿತೆಂದು ಕೇಳುವವರು ವಿರಳ.

ಕಾವೇರಿ ಎರಡು ಕವಲಾಗಿ ಬಳಸಿ ಹರಿಯುವ ಈ ಪುಟ್ಟ ನಡುಗಡ್ಡೆಗೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕಲ್ಲುಕಂಬಗಳ ಸೇತುವೆ ಕಟ್ಟಿಸಿದರು. ಅದು ಜನರು ದಾಟಲೆಂದು ಕಟ್ಟಿದ ಹಾದಿ. 1902ರಲ್ಲಿ ತೆರೆದ ಹಾದಿ ಬೇರೆಯದು. ಗಗನಚುಕ್ಕಿಯ ಮೇಲ್ಭಾಗದಲ್ಲಿ ನೀರನ್ನು ನಾಲೆಗೆ ತಿರುಗಿಸಿ, ಕೊಳವೆಗಳಲ್ಲಿ ಕೆಳಗಿಳಿಸಿ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಗಣಿಗಳು ಬ್ರಿಟಿಷ್ ಕಂಪನಿಗಳವು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ.

ಗಣಿಯ ಹಸಿವು ಅಷ್ಟಕ್ಕೆ ತಣಿಯಲಿಲ್ಲ. ಬೇಸಿಗೆಯ ಹರಿವು ಯಂತ್ರಗಳಿಗೆ ಸಾಲದಾಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ನೀರಾವರಿಯಷ್ಟೇ ಅಲ್ಲ, ಈ ಕೇಂದ್ರಕ್ಕೆ ವರ್ಷವಿಡೀ ನೀರೊದಗಿಸುವುದೂ ಉದ್ದೇಶವಾಗಿತ್ತು. ಹಳೆಯ ಕನ್ನಂಬಾಡಿ ಮುಳುಗಿತು. ಒಂದು ಯೋಜನೆ ಇನ್ನೊಂದನ್ನು ಹೆರುವ ಬಗೆ ಇದು.

2001ರಲ್ಲಿ ಗಣಿಗಾರಿಕೆ ನಿಂತಿತು. ಅಲ್ಲಿ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು. ಇಲ್ಲಿ 2018ರ ನೆರೆಯಲ್ಲಿ ಹಳೆಯ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ನಾಲೆಗೆ ತಿರುಗಿದ ನೀರು ಮಾತ್ರ ಇಂದಿಗೂ ಹಾಗೆಯೇ ತಿರುಗುತ್ತಿದೆ.

ಜಲವಿದ್ಯುತ್ತೇ ಬೇಡವೆಂಬುದು ವಾದವಲ್ಲ. ಆದರೆ ಅಭಿವೃದ್ಧಿಯ ಹೆಸರಿನಲ್ಲಿ ಘಟ್ಟದ ಹೊಳೆಗಳಿಗೆ ಯಂತ್ರ ಹೊತ್ತು ತರುವವರು ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರಿಸಲಿ. ತಂತಿಯ ಆ ತುದಿಯಲ್ಲಿ ಯಾರಿದ್ದಾರೆ? ಬೇಸಿಗೆಯಲ್ಲಿ ಹೊಳೆಗೆಂದು ಎಷ್ಟು ನೀರು ಉಳಿಯುತ್ತದೆ? ಉದ್ಯಮ ಬಾಗಿಲು ಮುಚ್ಚಿದ ದಿನ ನದಿಯ ಕಟ್ಟು ಬಿಚ್ಚುವವರು ಯಾರು?