ಕೋವಿ ಅದೇ, ಗುರಿ ಬೇರೆ

ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೊರಡುವವರು ಅಜ್ಜನ ಕಾಲದ ಅರೆಸ್ವಯಂಚಾಲಿತ ಕೋವಿಯ ನಳಿಗೆಗೆ ‘ಚೋಕ್’ ಎಂಬ ತಿರುಪಿನ ತುಂಡು ಹಾಕಿಸುವುದುಂಟು. ನಳಿಗೆಯ ಬಾಯಿ ಕಿರಿದಾದರೆ ಚರೆಗಳು ಬೇಗ ಚದುರದೆ ಒತ್ತಾಗಿ ಸಾಗುತ್ತವೆ. ಹಕ್ಕಿಯ ಪುಟ್ಟ ತಲೆಗೆ ತಾಕುತ್ತವೆ.

ಕೊಡಗಿನಲ್ಲಿ ಕೋವಿ ಹಾಗೆಯೇ ಇದೆ, ಗುರಿ ಬದಲಾಗಿದೆ. ಭತ್ತದ ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ಬೇಟೆಗೆ ಹೊರಡುವುದು ಹಿಂದಿನ ಪದ್ಧತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ 1991ರಲ್ಲಾದ ತಿದ್ದುಪಡಿ ಬೇಟೆಗೆ ಕಡಿವಾಣ ಹಾಕಿದವು. ಹಬ್ಬ ಮಾತ್ರ ನಿಲ್ಲಲಿಲ್ಲ. ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಹೆಣ್ಣುಮಕ್ಕಳೂ ಕೋವಿ ಹಿಡಿಯುತ್ತಾರೆ. ಕಣ್ಣು, ಕೈ, ಉಸಿರು ಒಂದಾಗುವ ಹಿರಿಯರ ವಿದ್ಯೆಯನ್ನು ಮಕ್ಕಳು ಕಲಿಯಲು ಒಂದು ಜೀವ ಹೋಗಬೇಕಾಗಿಲ್ಲ.